ಜುಲೈ ತಿಂಗಳ ಕೆಂಪು ಸಾಲುಗಳು

ಕೊಡಗಿನ ಒಂದು ಸಮುದಾಯ ಕಾಲೇಜಿನಲ್ಲಿ ನಾನು ಲೆಕ್ಕಶಾಸ್ತ್ರ ಕಲಿಸುತ್ತೇನೆ. ನಮ್ಮಲ್ಲಿಗೆ ಬರುವವರಲ್ಲಿ ಅರ್ಧದಷ್ಟು ಮಂದಿ ಕಾಫಿ ತೋಟದ ಲೈನ್‌ಮನೆಗಳ ಮಕ್ಕಳು. ಉಳಿದವರಲ್ಲಿ ಹಲವರು ಶನಿವಾರ, ಭಾನುವಾರ ಹೋಂಸ್ಟೇಗಳಲ್ಲಿ ದುಡಿಯುತ್ತಾರೆ. ಡಿಪ್ಲೊಮಾಕ್ಕೆ ಸೇರಿದವರಲ್ಲಿ ಕೆಲವರು ಪ್ರತಿವರ್ಷವೂ ಸದ್ದಿಲ್ಲದೆ ಕಾಣೆಯಾಗುತ್ತಿದ್ದರು. ಅದು ನಮಗೆ ಗೊತ್ತಾಗುತ್ತಿದ್ದುದು ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ.

ಇದನ್ನು ಮೊದಲೇ ಹಿಡಿಯಬೇಕೆಂದು ಕಲಿಕಾ ವಿಶ್ಲೇಷಣೆಗೆ, ಅಂದರೆ ವಿದ್ಯಾರ್ಥಿಗಳ ಓದಿನ ದಾಖಲೆಗಳನ್ನು ಜಾಲಾಡಿ ಸುಳಿವು ಹುಡುಕುವ ಕೆಲಸಕ್ಕೆ ಕೈ ಹಾಕಿದೆ. ಕಾಲೇಜಿನಲ್ಲಿ ಆಗಲೇ ಆನ್‌ಲೈನ್ ಪಾಠ, ಪರೀಕ್ಷೆ ನಡೆಸುವ ಮೂಡಲ್ ಇತ್ತು. 2002ರಲ್ಲಿ ಮೊದಲು ಹೊರಬಂದ ಈ ಉಚಿತ ತಂತ್ರಾಂಶವನ್ನು ನಾವು ಟಿಪ್ಪಣಿ ಏರಿಸುವ ಕಪಾಟಿನಂತೆ ಬಳಸುತ್ತಿದ್ದೆವು. (ನಮ್ಮ ಅಟೆಂಡರ್ ಪಾಲಿಗೆ ಅದು ಇವತ್ತಿಗೂ ‘ಮೂಡಲು’.) ಯಾರು ಯಾವಾಗ ಪಾಠ ತೆರೆದರು, ಯಾರು ಅಭ್ಯಾಸ ಒಪ್ಪಿಸಿದರು ಎಂಬುದೆಲ್ಲ ಅದರೊಳಗೆ ತನ್ನಷ್ಟಕ್ಕೆ ದಾಖಲಾಗುತ್ತದೆ. ಓದು ಬಿಡುವ ಅಪಾಯದಲ್ಲಿರುವವರನ್ನು ಗುರುತಿಸುವ ಮಾದರಿಯೂ ಅದರಲ್ಲಿದೆ. ಆದರೆ ಆ ಮಾದರಿಗೆ ಮುಗಿದ ಕೋರ್ಸುಗಳ ಹಳೆಯ ದಾಖಲೆ ಉಣಿಸಿ ತರಬೇತಿ ಕೊಡಬೇಕು. ನಮ್ಮ ಬಳಿ ಇದ್ದದ್ದು ಎರಡು ತಂಡಗಳ ಅರೆಬರೆ ದಾಖಲೆ. ಹಾಗಾಗಿ ಅದನ್ನು ಬದಿಗಿಟ್ಟು ಎಕ್ಸೆಲ್ ಹಾಳೆಯಲ್ಲೇ ಬಣ್ಣ ಹಚ್ಚಿದೆ. ವಾರವಿಡೀ ಮೂಡಲ್ ತೆರೆಯದವರ ಸಾಲು ಕೆಂಪು, ಒಮ್ಮೆ ತೆರೆದವರದು ಹಳದಿ, ಉಳಿದವರದು ಹಸಿರು.

ಜುಲೈ ಬಂತು. ಒಂದು ಸೋಮವಾರ ನೋಡಿದರೆ ಭಾಗಮಂಡಲದ ಕಡೆಯ ಮಕ್ಕಳೆಲ್ಲರೂ ಕೆಂಪು! ಗಾಬರಿಯಿಂದ ಒಬ್ಬೊಬ್ಬರಿಗೂ ಕರೆ ಮಾಡಿದೆ, ಯಾರ ಫೋನೂ ಸಿಗಲಿಲ್ಲ. ಐದು ದಿನದಿಂದ ಕರೆಂಟಿಲ್ಲದ ಊರಿನಲ್ಲಿ ಫೋನು ಹೇಗೆ ಸಿಗುತ್ತದೆ? ಮರ ಬಿದ್ದು ತಂತಿ ಹರಿದಿತ್ತು, ಟವರೂ ಸತ್ತಿತ್ತು. ಕೊಡಗಿನಲ್ಲೇ ಹುಟ್ಟಿ ಬೆಳೆದ ನನಗೆ ಇದು ಹೊಳೆಯದೆ ಹೋಯಿತಲ್ಲ ಎಂದು ನಾಚಿಕೆಯಾಯಿತು. ನನ್ನ ಹಾಳೆ ಅಳೆದದ್ದು ಮಳೆಯನ್ನು, ಓದನ್ನಲ್ಲ.

ಹಸಿರೂ ನಂಬುವಂತಿರಲಿಲ್ಲ. ದಿನವೂ ರಾತ್ರಿ ಪಾಠ ತೆರೆಯುತ್ತಿದ್ದ ಹುಡುಗಿ ಮೊದಲ ಕಿರುಪರೀಕ್ಷೆಯಲ್ಲಿ ಬರೀ ಎಂಟು ಅಂಕ ತೆಗೆದಳು. ಇಡೀ ತಿಂಗಳು ಕೆಂಪಾಗಿದ್ದ ಹುಡುಗ ತರಗತಿಗೇ ಮೊದಲಿಗನಾದ. ಕೇಳಿದರೆ, “ಮೇಡಂ, ಪಕ್ಕದ ಲೈನಿನ ಗೆಳೆಯ ಎಲ್ಲವನ್ನೂ ಡೌನ್‌ಲೋಡ್ ಮಾಡಿ ಕೊಡುತ್ತಾನೆ. ನನ್ನ ಫೋನಿನಲ್ಲಿ ಡೇಟಾ ಇರುವುದಿಲ್ಲ” ಎಂದ.

ಅಲ್ಲಿಂದ ಲಾಗಿನ್ ಎಣಿಸುವುದನ್ನು ಬಿಟ್ಟೆ. ಅಭ್ಯಾಸ ಒಪ್ಪಿಸುವುದು ತಡವಾಗುತ್ತಾ ಹೋಗುತ್ತಿದೆಯೇ, ತಪ್ಪಿದ ಪ್ರಶ್ನೆಗೆ ಮತ್ತೆ ಪ್ರಯತ್ನಿಸಿದ್ದಾರೆಯೇ, ಹಾಜರಿ ಹೇಗಿದೆ ಎಂಬ ಮೂರನ್ನೇ ಇಟ್ಟುಕೊಂಡೆ. ಹೋಲಿಕೆ ತರಗತಿಯ ಸರಾಸರಿಯೊಂದಿಗಲ್ಲ, ಅದೇ ವಿದ್ಯಾರ್ಥಿಯ ಹಿಂದಿನ ಮೂರು ವಾರಗಳೊಂದಿಗೆ. ಸದಾ ತಡವಾಗಿ ಒಪ್ಪಿಸುವವನು ತಡಮಾಡಿದರೆ ಅದು ಸುದ್ದಿಯಲ್ಲ; ಎಂದೂ ತಪ್ಪದವಳು ಎರಡು ಬಾರಿ ತಪ್ಪಿದರೆ ಸುದ್ದಿ.

ವರ್ಷದ ಕೊನೆಗೆ ಕಿರುಪರೀಕ್ಷೆಗಳನ್ನು ಹೆಚ್ಚು ಬರೆದವರೇ ಹೆಚ್ಚಾಗಿ ಓದು ಮುಂದುವರಿಸಿದ್ದಾರೆಂದು ಪ್ರಾಂಶುಪಾಲರ ಮುಂದೆ ಹೆಮ್ಮೆಯಿಂದ ಹೇಳಿದೆ. ಗಣಿತದ ಸಹೋದ್ಯೋಗಿ ನಕ್ಕರು. “ಬಿಟ್ಟು ಹೋದವರು ಎಲ್ಲಿಂದ ಬರೆಯುತ್ತಾರೆ ಮೇಡಂ?” ಆಮೇಲೆ ಓದಿ ತಿಳಿದೆ: ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ‘ಕೋರ್ಸ್ ಸಿಗ್ನಲ್ಸ್’ ಕೂಡ ಇದೇ ಕೆಂಪು, ಹಳದಿ, ಹಸಿರಿನ ವ್ಯವಸ್ಥೆ. ಅದರಿಂದ ವಿದ್ಯಾರ್ಥಿಗಳು ಉಳಿದರೆಂಬ ಹೇಳಿಕೆಯನ್ನು 2013ರಲ್ಲಿ ವಿಮರ್ಶಕರು ಪ್ರಶ್ನಿಸಿದ್ದೂ ಇದೇ ತರ್ಕದಿಂದ. ಹೆಚ್ಚು ಕಾಲ ಉಳಿದವರಿಗೆ ಸಿಗ್ನಲ್ ಇರುವ ಕೋರ್ಸುಗಳೂ ಹೆಚ್ಚು ಸಿಕ್ಕಿರುತ್ತವೆ. ದೊಡ್ಡವರೂ ಎಡವಿದ ಕಲ್ಲು ಎಂದು ಸ್ವಲ್ಪ ಸಮಾಧಾನವಾಯಿತು.

ಇದೆಲ್ಲಕ್ಕಿಂತ ದೊಡ್ಡ ತಪ್ಪು ಬೇರೆ. ಕೆಂಪು ಪಟ್ಟಿಯನ್ನು ಮುದ್ರಿಸಿ ಸಿಬ್ಬಂದಿ ಕೊಠಡಿಯ ಮೇಜಿನ ಮೇಲೆ ಬಿಟ್ಟಿದ್ದೆ. ಅದು ಸೂಚನಾ ಫಲಕಕ್ಕೆ ಹೋಗಬೇಕಾದದ್ದೆಂದು ಭಾವಿಸಿ ಯಾರೋ ಅಂಟಿಸಿಬಿಟ್ಟರು. ಮಧ್ಯಾಹ್ನ ಕಿತ್ತೆ. ಅಷ್ಟರಲ್ಲಿ ಒಬ್ಬಳು ಮನೆಗೆ ಹೋಗಿಯಾಗಿತ್ತು. ಮತ್ತೆ ಬರಲಿಲ್ಲ. ಮನೆಯವರೆಗೂ ಹೋಗಿ ಕರೆದೆ. ಅವಳ ತಾಯಿ ಕಾಫಿ ಕೊಟ್ಟರು, ಅವಳು ಒಳಗಿನಿಂದ ಹೊರಗೆ ಬರಲೇ ಇಲ್ಲ. ಈಗ ಪಟ್ಟಿಯನ್ನು ಮುದ್ರಿಸುವುದಿಲ್ಲ. ಆಯಾ ಮಾರ್ಗದರ್ಶಕ ಶಿಕ್ಷಕರಿಗೆ ಅವರ ಹತ್ತು ಹನ್ನೆರಡು ಮಕ್ಕಳ ಸಾಲುಗಳು ಮಾತ್ರ ಕಾಣುತ್ತವೆ, ಮಕ್ಕಳಿಗೆ ತಮ್ಮ ತಮ್ಮ ಸಾಲು.

ಹಾಳೆಗೆ ‘ಕಾರಣ’ ಎಂಬ ಕಾಲಂ ಸೇರಿಸಿದ್ದೇವೆ. ಮಾತಾಡಿದ ಮೇಲೆಯೇ ಅದನ್ನು ತುಂಬಬೇಕು. ಅರ್ಧ ಜನ ಶಿಕ್ಷಕರು ತುಂಬುವುದಿಲ್ಲ. ತಮ್ಮ ಮೇಲೇ ಕಣ್ಣಿಡುವ ಉಪಾಯವೆಂಬ ಗುಮಾನಿ ಅವರಿಗೆ ಇನ್ನೂ ಹೋಗಿಲ್ಲ. ತುಂಬಿದವರ ಸಾಲುಗಳಲ್ಲಿ ಜನವರಿ, ಫೆಬ್ರವರಿಯಲ್ಲಿ ಹೆಚ್ಚು ಕಾಣುವುದು ಒಂದೇ ಪದ: ಕಾಫಿ ಕೊಯ್ಲು. ಮೊದಲೆಲ್ಲ ಆಂತರಿಕ ಪರೀಕ್ಷೆ ಸರಿಯಾಗಿ ರೊಬಸ್ಟಾ ತಳಿಯ ಕಾಫಿ ಕೊಯ್ಲಿನ ನಡುವೆ ಬರುತ್ತಿತ್ತು. ಈ ವರ್ಷ ಅದನ್ನು ಡಿಸೆಂಬರಿಗೆ ತಂದಿದ್ದೇವೆ. ಡಿಸೆಂಬರಿನಲ್ಲೇ ಕೊಯ್ಲು ನಡೆಯುವ, ಸೋಮವಾರಪೇಟೆ ಕಡೆಯ ಅರೇಬಿಕಾ ತೋಟದ ಮಕ್ಕಳು ಈಗಾಗಲೇ ಗೊಣಗುತ್ತಿದ್ದಾರೆ.