ಬ್ರಿಟನ್ನಿನಲ್ಲಿ ಪಬ್ ಬಾಗಿಲು ಕಾಯುವ ಕೆಲಸಕ್ಕೆ ತಯಾರಿ ಹೇಗೆ?

ಪಬ್, ನೈಟ್‌ಕ್ಲಬ್ ಬಾಗಿಲಲ್ಲಿ ಸೆಕ್ಯುರಿಟಿಯಾಗಿ ನಿಲ್ಲೋದಕ್ಕೆ ಮೈಕಟ್ಟು ಇದ್ದರೆ ಸಾಲದು, ಸೆಕ್ಯುರಿಟಿ ಇಂಡಸ್ಟ್ರಿ ಅಥಾರಿಟಿಯ (ಖಾಸಗಿ ಸೆಕ್ಯುರಿಟಿ ಕೆಲಸಗಳ ಮೇಲ್ವಿಚಾರಣೆ ಮಾಡುವ ಅಲ್ಲಿನ ಸಂಸ್ಥೆ) ಲೈಸೆನ್ಸ್ ಬೇಕು. 18 ತುಂಬಿರಬೇಕು. ಮೊದಲು ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಲೈಸೆನ್ಸಿಗೆ ಬೇಕಾದ ಡೋರ್ ಸೂಪರ್‌ವೈಸರ್ (ಬಾಗಿಲು ಕಾಯುವವರ) ಕೋರ್ಸಿಗೆ 2021ರಿಂದ ಅದು ಕಡ್ಡಾಯ.

ಹೊಡೆದಾಟ ಕಲಿಸುತ್ತಾರೆ ಅಂದುಕೊಂಡು ಹೋಗಬೇಡಿ. ನನ್ನ ಪ್ರಕಾರ ಅಲ್ಲಿ ಮುಖ್ಯವಾಗಿ ಕಲಿಯಬೇಕಾದ್ದು ಮಾತು: ಕುಡಿದು ರೇಗಾಡುವವನ ಹತ್ತಿರ ದನಿ ತಗ್ಗಿಸಿ, ಕೈ ಕಾಣುವ ಹಾಗೆ ಇಟ್ಟುಕೊಂಡು, ಗೆಳೆಯರೆದುರು ಅವನ ಮರ್ಯಾದೆ ಹೋಗದಂತೆ ಹೊರಗೆ ಕಳಿಸುವುದು. ಇದನ್ನು ರೂಮ್‌ಮೇಟ್ ಜೊತೆ ಇಂಗ್ಲಿಷಿನಲ್ಲೇ ಅಭ್ಯಾಸ ಮಾಡಿ, ನಗು ಬಂದರೂ ಪರವಾಗಿಲ್ಲ. ಕೈ ಹಾಕುವುದು ಕೊನೆಯ ಉಪಾಯ. ನೆಲಕ್ಕೆ ಕೆಡವಿ ಅದುಮಿದರೆ ಉಸಿರುಕಟ್ಟಿ ಪ್ರಾಣವೇ ಹೋಗಬಹುದು, ಆಮೇಲೆ ಕೇಸ್ ನಿಮ್ಮ ಮೇಲೇ ಅಲ್ವಾ?

ನೋಡೋದಕ್ಕೆ 25ಕ್ಕಿಂತ ಚಿಕ್ಕವರ ಹಾಗೆ ಕಂಡರೆ ಐಡಿ ಕೇಳಿ, ಎಷ್ಟೋ ಕಡೆ ಇದೇ ರೂಢಿ. ಬ್ಯಾಗ್ ತಪಾಸಣೆಗೆ ಒಪ್ಪಿಗೆ ಬೇಕು. ಒಪ್ಪಲಿಲ್ಲವೇ, ಒಳಗೆ ಬಿಡಬೇಡಿ, ಸುಮ್ನೆ ವಾದ ಬೇಡ.

ಕರ್ನಾಟಕದಿಂದ ಈಚೆಗೆ ಹೋದವರೇ, ಕಳೆದ 5 ವರ್ಷಗಳಲ್ಲಿ ಸತತ 6 ತಿಂಗಳು ಭಾರತದಲ್ಲಿದ್ದರೆ ಭಾರತದ ಪೊಲೀಸ್ ಕ್ಲಿಯರೆನ್ಸ್ (ಅಪರಾಧ ದಾಖಲೆ ಬಗ್ಗೆ ಪ್ರಮಾಣಪತ್ರ) ಕೇಳುತ್ತಾರೆ. ಅದಕ್ಕೆ ಬೇಗ ಅರ್ಜಿ ಹಾಕಿ. ಲೈಸೆನ್ಸ್ ಅವಧಿ 3 ವರ್ಷ.