ಸ್ವಸಹಾಯ ಸಂಘ ಕಟ್ಟುವವರಿಗೆ: ಮೊದಲ ಆರು ತಿಂಗಳ ಕೆಲಸ

ಬಡತನ ನೀಗಿಸಬೇಕೆಂದು ಹಳ್ಳಿಗೆ ಹೋಗುವ ಸ್ವಯಂಸೇವಾ ಸಂಸ್ಥೆ ಮೊದಲ ದಿನವೇ ಹಣದ ಮಾತು ಎತ್ತಬಾರದು. ಎತ್ತಿದರೆ ಸಂಘ ಹುಟ್ಟುವುದಿಲ್ಲ, ಫಲಾನುಭವಿಗಳ ಪಟ್ಟಿ ಹುಟ್ಟುತ್ತದೆ. 1980ರ ದಶಕದಲ್ಲಿ ಕರ್ನಾಟಕದ ಸ್ವಯಂಸೇವಾ ಸಂಸ್ಥೆ ಮೈರಾಡ ಕೆಲಸ ಮಾಡುತ್ತಿದ್ದ ಕಡೆ ದೊಡ್ಡ ಸಹಕಾರ ಸಂಘಗಳು ಒಡೆದಾಗ, ಒಬ್ಬರನ್ನೊಬ್ಬರು ನಂಬುವ ಜನ ಸಣ್ಣ ಗುಂಪುಗಳಾಗಿ ಉಳಿದುಕೊಂಡರು. ಆ ನಂಬಿಕೆಯೇ ಬಂಡವಾಳ. 1987ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ಶುರುವಾಯಿತು.

ಒಂದು ಸಂಘಕ್ಕೆ 10ರಿಂದ 20 ಜನ ಇರಬೇಕು, 15 ಆದರೆ ಹದ. ಹೆಸರುಗಳನ್ನು ನೀವು ಬರೆಯಬೇಡಿ. ‘ಯಾರಿಗೆ ಕೈಗಡ ಕೊಡುತ್ತೀರಿ, ಯಾರಿಂದ ತರುತ್ತೀರಿ?’ ಎಂದು ಕೇಳಿ, ಗುಂಪು ತಾನಾಗಿ ಕಾಣುತ್ತದೆ. ಕೂಲಿಗೆ ಹೋಗುವವಳನ್ನೂ ಅವಳಿಗೆ ಕೂಲಿ ಕೊಡುವ ಮನೆಯವಳನ್ನೂ ಒಂದೇ ಸಂಘದಲ್ಲಿ ಕೂರಿಸಿದರೆ ಬಾಕಿ ಕೇಳಲು ಯಾರಿಗೂ ಬಾಯಿ ಬರುವುದಿಲ್ಲ.

ಸಭೆ ವಾರಕ್ಕೊಮ್ಮೆ, ದಿನ ಮತ್ತು ಹೊತ್ತು ಖಾಯಂ. ಉಳಿತಾಯದ ಮೊತ್ತವನ್ನು ಅತಿ ಬಡವಳಿಗೆ ಎಟಕುವಂತೆ ಇಡಿ. ವಾರಕ್ಕೆ 20 ರೂಪಾಯಿಯಂತೆ 15 ಜನ ಕಟ್ಟಿದರೆ 26 ವಾರಕ್ಕೆ 7,800 ರೂಪಾಯಿ. ಇದನ್ನು ಬ್ಯಾಂಕಿನಲ್ಲಿ ಸುಮ್ಮನೆ ಮಲಗಿಸಬೇಡಿ. ಒಂದೆರಡು ತಿಂಗಳಲ್ಲೇ ಆಂತರಿಕ ಸಾಲ, ಅಂದರೆ ಈ ಉಳಿತಾಯದಿಂದಲೇ ಸದಸ್ಯರಿಗೆ ಕೊಡುವ ಸಾಲ, ಶುರುವಾಗಲಿ. ಮೊದಲು ಕೇಳುವುದು ಔಷಧಿಗೆ, ರೇಷನ್ನಿಗೆ, ಮಕ್ಕಳ ಫೀಜಿಗೆ. ‘ಉತ್ಪಾದಕ ಸಾಲ ಮಾತ್ರ’, ಅಂದರೆ ಆದಾಯ ತರುವ ಕೆಲಸಕ್ಕೆ ಮಾತ್ರ, ಎಂದು ತಡೆದರೆ ಸದಸ್ಯೆ ಮತ್ತೆ ಮೀಟರ್ ಬಡ್ಡಿಯವನ ಬಾಗಿಲಿಗೇ ಹೋಗುತ್ತಾಳೆ.

ಹೆಚ್ಚು ಎಡವಟ್ಟಾಗುವುದು ಬಡ್ಡಿಯ ಲೆಕ್ಕದಲ್ಲಿ. 3,000 ರೂಪಾಯಿ ಸಾಲ, ಹತ್ತು ತಿಂಗಳ ಕಂತು, ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ ಎಂದಿಟ್ಟುಕೊಳ್ಳಿ. ತಿಂಗಳಿಗೆ 300 ಅಸಲು ತೀರುತ್ತಾ ಹೋದಂತೆ ಬಡ್ಡಿ 60, 54, 48 ಹೀಗೆ ಇಳಿಯಬೇಕು, ಒಟ್ಟು 330. ಪುಸ್ತಕ ಬರೆಯುವವರು ಪ್ರತಿ ತಿಂಗಳೂ 60 ಎಂದೇ ಬರೆದರೆ 600 ಆಗುತ್ತದೆ. ಓದು ಬಾರದ ಸದಸ್ಯೆಗೆ ಇದು ಗೊತ್ತಾಗುವುದೇ ಇಲ್ಲ. ಅದಕ್ಕೇ ಪ್ರತಿ ಸಭೆಯ ಕೊನೆಗೆ ಯಾರು ಎಷ್ಟು ಕಟ್ಟಿದರು, ಯಾರ ಬಾಕಿ ಎಷ್ಟು, ಪೆಟ್ಟಿಗೆಯಲ್ಲಿ ಎಷ್ಟಿದೆ ಎಂಬುದನ್ನು ಗಟ್ಟಿಯಾಗಿ ಓದಿಸಿ, ಹಣ ಎಲ್ಲರ ಮುಂದೆ ಎಣಿಸಿ. ನಡಾವಳಿ ಪುಸ್ತಕ, ಉಳಿತಾಯ ಮತ್ತು ಸಾಲದ ಖಾತೆ ಪುಸ್ತಕ, ನಗದು ಪುಸ್ತಕ, ಪ್ರತಿಯೊಬ್ಬರಿಗೂ ಪಾಸ್‌ಬುಕ್: ಇಷ್ಟು ಸಾಕು.

ಬ್ಯಾಂಕ್ ಖಾತೆ ಸಂಘದ ಹೆಸರಿನಲ್ಲೇ ಇರಲಿ, ಠರಾವು ಬರೆದು ಇಬ್ಬರು ಪ್ರತಿನಿಧಿಗಳ ಜಂಟಿ ಸಹಿಗೆ ಒಪ್ಪಿಸಿ. ಸಂಸ್ಥೆಯ ಕಾರ್ಯಕರ್ತರು ಸಹಿದಾರರಾಗಲೇಬಾರದು, ಪಾಸ್‌ಬುಕ್ಕನ್ನು ತಮ್ಮ ಚೀಲದಲ್ಲಿ ಇಟ್ಟುಕೊಳ್ಳಲೂಬಾರದು. ಆರು ತಿಂಗಳ ನಂತರ ಸಾಲಕ್ಕೆ ಹೋದಾಗ ಬ್ಯಾಂಕಿನವರು ಹಾಜರಾತಿ, ಮರುಪಾವತಿ, ಪುಸ್ತಕ ನೋಡುತ್ತಾರೆ. ಹಿಂದಿನ ರಾತ್ರಿ ಕೂತು ಒಂದೇ ಪೆನ್ನಿನಲ್ಲಿ ಬರೆದ ನಡಾವಳಿ ಅವರ ಕಣ್ಣಿಗೆ ಬೀಳದೆ ಇರುವುದಿಲ್ಲ. ಸಾಲ ಬಂದ ಮೇಲೆ ಸಮನಾಗಿ ಹಂಚಲು ಬಿಡಬೇಡಿ. ಸಾಲ ಬೇಡದವಳ ಪಾಲು ಇನ್ನೊಬ್ಬರ ಕೈ ಸೇರುತ್ತದೆ, ಕಂತು ಮಾತ್ರ ಇವಳ ತಲೆಗೆ ಉಳಿಯುತ್ತದೆ.

ಲೆಕ್ಕ ಬರೆಯಲು ಹಳ್ಳಿಯದೇ ಹುಡುಗಿಯೊಬ್ಬಳನ್ನು ಈಗಲೇ ತಯಾರು ಮಾಡಿ. ಅವಳ ಗೌರವಧನ ಸಂಘದ ಬಡ್ಡಿ ಹಣದಿಂದಲೇ ಹೋಗಲಿ. ಅವಳು ಒಬ್ಬಳೇ ಎರಡು ತಿಂಗಳು ತಪ್ಪಿಲ್ಲದೆ ಬರೆದಳೆಂದರೆ, ನೀವು ವಾರವಾರ ಹೋಗುವುದನ್ನು ನಿಲ್ಲಿಸಬಹುದು.