ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ನಂತರ ಮೂತ್ರದ ಹತೋಟಿ: ನನ್ನ ಅನುಭವ

ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗಾಗಿ ಇಡೀ ಗ್ರಂಥಿಯನ್ನೇ ತೆಗೆಸಿಕೊಂಡು ಮನೆಗೆ ಬಂದವರಿಗೆ ಎದುರಾಗುವ ದೊಡ್ಡ ಕಷ್ಟ ಗಾಯದ್ದಲ್ಲ, ಮೂತ್ರದ್ದು. ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೋಸ್ಕೋಪಿಯಲ್ಲಿ ಹೊಟ್ಟೆಯ ಮೇಲಾದ ಸಣ್ಣ ಗಾಯಗಳು ಕೆಲವು ವಾರಗಳಲ್ಲಿ ಮಾಯುತ್ತವೆ. ಆದರೆ ಕೆಮ್ಮುವಾಗ, ಸೀನುವಾಗ, ಕುಳಿತಲ್ಲಿಂದ ಏಳುವಾಗ ತಾನಾಗಿ ಹನಿಯುವ ಮೂತ್ರ ಮನುಷ್ಯನನ್ನು ಮನೆಯೊಳಗೇ ಕೂರಿಸಿಬಿಡುತ್ತದೆ. ದಾವಣಗೆರೆಯಲ್ಲಿ ನನ್ನ ವಯಸ್ಸಿನ ಕೆಲವರು ಇದೇ ಕಾರಣಕ್ಕೆ ಮದುವೆ, ಮಠ, ಬೆಳಗಿನ ನಡಿಗೆ ಎಲ್ಲವನ್ನೂ ಬಿಟ್ಟು, ಯಾರಿಗೂ ಕಾರಣ ಹೇಳದೆ ಉಳಿದದ್ದನ್ನು ಕಂಡಿದ್ದೇನೆ. ನಾನು ಹಾಗೆ ಕೂರಬಾರದೆಂದು ನಿಶ್ಚಯಿಸಿ, ಹತೋಟಿಯನ್ನು ಮರಳಿ ಪಡೆಯುವುದನ್ನು ಪ್ರತಿದಿನದ ಕೆಲಸವಾಗಿಸಿಕೊಂಡೆ. ಆ ಕೆಲಸ ಹೇಗೆ ನಡೆಯಿತೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾರಣ ತಿಳಿಯದೆ ಮಾಡುವ ವ್ಯಾಯಾಮದಲ್ಲಿ ನಂಬಿಕೆ ಹುಟ್ಟುವುದಿಲ್ಲವಾದ್ದರಿಂದ ಮೊದಲು ಅದನ್ನು ಹೇಳುತ್ತೇನೆ. ಭದ್ರಾ ನಾಲೆಯ ಕೆಲಸದಲ್ಲಿ ಆಯುಷ್ಯ ಕಳೆದ ನನಗೆ ಇದು ತೂಬಿನ ಲೆಕ್ಕದಲ್ಲೇ ಅರ್ಥವಾಯಿತು. ಮೂತ್ರಕೋಶದ ಕೆಳಗೆ ಎರಡು ತೂಬುಗಳಿವೆ: ಮೂತ್ರಕೋಶದ ಕುತ್ತಿಗೆಯಲ್ಲಿರುವ ಮೇಲಿನದು ನಮ್ಮ ಅಪ್ಪಣೆಗೆ ಕಾಯದೆ ಸದಾ ಮುಚ್ಚಿರುತ್ತದೆ, ಪ್ರಾಸ್ಟೇಟಿನ ಕೆಳಗಿರುವುದು ನಮ್ಮ ಇಚ್ಛೆಯಂತೆ ಬಿಗಿಯುತ್ತದೆ. ಗ್ರಂಥಿಯನ್ನು ತೆಗೆದು ಮೂತ್ರಕೋಶವನ್ನು ಮೂತ್ರನಾಳಕ್ಕೆ ನೇರವಾಗಿ ಹೊಲಿಯುವಾಗ ಮೇಲಿನ ತೂಬಿನ ಕೆಲಸ ಬಹುಮಟ್ಟಿಗೆ ನಿಂತುಹೋಗಿ, ಅದುವರೆಗೆ ಬರಿಯ ಸಹಾಯಕನಂತಿದ್ದ ಕೆಳಗಿನದು ಇಡೀ ಭಾರವನ್ನು ಹೊರಬೇಕಾಗುತ್ತದೆ. ಅದನ್ನು ಬಲಪಡಿಸಬಹುದೆಂಬುದೇ ನಮಗಿರುವ ಆಧಾರ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೀಗಲ್ ಅವರು ಹೆರಿಗೆಯಾದ ಹೆಂಗಸರಿಗಾಗಿ 1948ರಲ್ಲಿ ಪ್ರಕಟಿಸಿದ ವ್ಯಾಯಾಮವನ್ನೇ ಇಂದು ನಮ್ಮಂಥ ಗಂಡಸರಿಗೂ ಕಲಿಸುತ್ತಾರೆ.

ನಾನು ಅದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ, ಊರಿನ ಫಿಸಿಯೋಥೆರಪಿಸ್ಟ್ ಒಬ್ಬರಲ್ಲಿ ಕಲಿತೆ. ನೋವು, ಮೂತ್ರ ಹೀರುವ ಪ್ಯಾಡು, ನಿದ್ರೆಗೇಡು ಎಲ್ಲವೂ ಒಟ್ಟಿಗೆ ಇರುವಾಗ ಹೊಸ ಸ್ನಾಯುವೊಂದನ್ನು ಹುಡುಕುವುದು ಕಷ್ಟ. ಮೊದಲೇ ಗುರುತು ಹಿಡಿದಿದ್ದರೆ ಅರ್ಧ ಕೆಲಸ ಮುಗಿದಂತೆ. ನಾಲ್ಕು ಜನರ ನಡುವೆ ಕುಳಿತಾಗ ಹೂಸು ತಡೆದುಕೊಳ್ಳುವಂತೆ ಗುದದ್ವಾರವನ್ನು ಒಳಕ್ಕೂ ಮೇಲಕ್ಕೂ ಎಳೆದುಕೊಳ್ಳಬೇಕು. ಆಗ ವೃಷಣಗಳು ತುಸು ಮೇಲೇಳುತ್ತವೆ. ಹೊಟ್ಟೆ, ತೊಡೆ, ಪೃಷ್ಠ ಮೂರೂ ಸಡಿಲವಾಗಿರಬೇಕು ಮತ್ತು ಉಸಿರು ಕಟ್ಟಬಾರದು. ಯೋಗದಲ್ಲಿ ಮೂಲಬಂಧ ಅಭ್ಯಾಸ ಮಾಡಿದವರಿಗೆ ಈ ಬಿಗಿತ ಪರಿಚಿತ. ಐದು ಸೆಕೆಂಡು ಬಿಗಿಹಿಡಿದು ಅಷ್ಟೇ ಹೊತ್ತು ಸಡಿಲಬಿಡುವುದರಿಂದ ಆರಂಭಿಸಿ, ಬಲ ಬಂದಂತೆ ಹತ್ತು ಸೆಕೆಂಡಿಗೆ ಏರಿಸಿದೆ. ಒಂದು ಸಲಕ್ಕೆ ಹತ್ತು ಬಿಗಿತ, ಬೆಳಗ್ಗೆ, ಮಧ್ಯಾಹ್ನ, ರಾತ್ರಿ. ಮೊದಲು ಮಲಗಿ, ಆಮೇಲೆ ಕುಳಿತು, ಕೊನೆಗೆ ನಿಂತು. ಸಡಿಲಬಿಡುವುದೂ ವ್ಯಾಯಾಮದ ಭಾಗವೇ. ಬೇಗ ಗುಣವಾಗಲೆಂದು ದಿನವಿಡೀ ಬಿಗಿಹಿಡಿದರೆ ಸ್ನಾಯು ದಣಿದು ಸೋರಿಕೆ ಹೆಚ್ಚುತ್ತದೆ. ಮೂತ್ರ ಮಾಡುವಾಗ ನಡುವೆ ತಡೆಯುವುದನ್ನು ಅಭ್ಯಾಸವಾಗಿಸಬಾರದು. ಶಸ್ತ್ರಚಿಕಿತ್ಸೆಯ ನಂತರ ಮೂತ್ರ ಹೊರಹೋಗಲು ಹಾಕಿರುವ ನಳಿಕೆ, ಅಂದರೆ ಕ್ಯಾಥೆಟರ್ ಇರುವಾಗ ಈ ವ್ಯಾಯಾಮವೇ ಬೇಡ.

ಆ ಕ್ಯಾಥೆಟರ್ ಸಾಮಾನ್ಯವಾಗಿ ಒಂದರಿಂದ ಎರಡು ವಾರ ಇರುತ್ತದೆ. ನಾನು ಬೆಂಗಳೂರಿನಿಂದ ಊರಿಗೆ ಮರಳಿದ್ದು ಅದರೊಂದಿಗೇ. ಎದ್ದು ಓಡಾಡಲು ಜಾಗವಿರುತ್ತದೆಂದು ಬಸ್ಸನ್ನು ಬಿಟ್ಟು ರೈಲಿನಲ್ಲಿ ಬಂದೆ, ಏಕೆಂದರೆ ಈ ಶಸ್ತ್ರಚಿಕಿತ್ಸೆಯ ನಂತರ ಬಹಳ ಹೊತ್ತು ಕುಳಿತೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಯೂರಿನ್ ಬ್ಯಾಗು ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರುವಂತೆ, ನಳಿಕೆ ಎಲ್ಲಿಯೂ ಜಗ್ಗದಂತೆ ನನ್ನ ಹೆಂಡತಿ ನೋಡಿಕೊಂಡಳು. ಬ್ಯಾಗಿಗೆ ಮೂತ್ರ ಇಳಿಯುವುದು ನಿಂತರೆ ಕೂಡಲೇ ಆಸ್ಪತ್ರೆಗೆ ತಿಳಿಸಬೇಕೆಂಬುದನ್ನು ಮನೆಯ ಎಲ್ಲರಿಗೂ ಹೇಳಿಟ್ಟಿದ್ದೆವು.

ಕ್ಯಾಥೆಟರ್ ತೆಗೆದ ದಿನ ಮೂತ್ರ ಹರಿದುಹೋಗುತ್ತದೆ. ಅದನ್ನು ಮೊದಲೇ ತಿಳಿದು, ಪ್ಯಾಡು ಮತ್ತು ಬಿಗಿಯಾದ ಒಳಚಡ್ಡಿಯನ್ನು ಒಯ್ದಿರಬೇಕು. ಪಂಚೆ ಅಥವಾ ಲುಂಗಿಯಲ್ಲಿ ಪ್ಯಾಡು ನಿಲ್ಲುವುದಿಲ್ಲ. ಮುಂದಿನ ವಾರಗಳಲ್ಲಿ ನಾನು ಪ್ಯಾಡು ಬದಲಿಸಿದ ಹೊತ್ತನ್ನೂ, ಸೋರುವಾಗ ಏನು ಮಾಡುತ್ತಿದ್ದೆನೆಂಬುದನ್ನೂ ನೋಟ್‌ಪುಸ್ತಕದಲ್ಲಿ ಬರೆಯುತ್ತ ಬಂದೆ. ಆ ಪುಸ್ತಕ ನನ್ನನ್ನು ಹತಾಶೆಯಿಂದ ಕಾಪಾಡಿತೆಂದೇ ಹೇಳಬೇಕು, ಏಕೆಂದರೆ ಸುಧಾರಣೆ ದಿನದ ಲೆಕ್ಕದಲ್ಲಿ ಕಾಣುವುದಿಲ್ಲ, ತಿಂಗಳ ಲೆಕ್ಕದಲ್ಲಿ ಕಾಣುತ್ತದೆ. ಮೊದಲು ರಾತ್ರಿ ಒಣಗಿತು. ಆಮೇಲೆ ಬೆಳಗಿನ ಹೊತ್ತು. ಸ್ನಾಯು ದಣಿಯುವ ಸಂಜೆ ಕೊನೆಯದು. ಕೆಮ್ಮು ಬರುವ ಮುನ್ನ, ನೆಲದಿಂದ ಏಳುವ ಮುನ್ನ ಒಂದು ಕ್ಷಣ ಬಿಗಿಹಿಡಿಯುವ ರೂಢಿ ಬಂದ ಮೇಲೆ ಪುಸ್ತಕದ ಪುಟಗಳು ಬೇಗ ಬೇಗ ಬದಲಾದವು. ಹೆಚ್ಚಿನವರಿಗೆ ಮೂರು ತಿಂಗಳಿಂದ ಒಂದು ವರ್ಷದೊಳಗೆ ಹತೋಟಿ ಮರಳುತ್ತದೆ. ವರ್ಷ ಕಳೆದರೂ ತೀವ್ರವಾಗಿ ಸೋರುತ್ತಿದ್ದರೆ ಕೃತಕ ಸ್ಫಿಂಕ್ಟರ್, ಅಂದರೆ ಕೃತಕ ತೂಬು ಅಳವಡಿಸುವಂಥ ಶಸ್ತ್ರಚಿಕಿತ್ಸೆಗಳಿವೆ. ಅದನ್ನು ವಯಸ್ಸಿನ ಪಾಲೆಂದು ಒಪ್ಪಿಕೊಂಡು ಸುಮ್ಮನಿರಬೇಕಾಗಿಲ್ಲ.

ಹೊರಗೆ ಹೋಗುವುದನ್ನು ನಾನು ಪ್ಯಾಡು ಬಿಡುವವರೆಗೆ ಮುಂದೂಡಲಿಲ್ಲ. ವೈದ್ಯರು ಒಪ್ಪಿದ ಕೂಡಲೇ ಕುಂದುವಾಡ ಕೆರೆಯ ಏರಿಯ ಮೇಲೆ ನಡೆಯತೊಡಗಿದೆ. ಮೊದಲು ಸ್ವಲ್ಪ ದೂರ, ಜೇಬಿನಲ್ಲೊಂದು ಪ್ಯಾಡು, ಗಾಢ ಬಣ್ಣದ ಪ್ಯಾಂಟು. ತುಂಬಿದ ಕೊಡ, ಗ್ಯಾಸ್ ಸಿಲಿಂಡರು ಎತ್ತುವುದನ್ನೂ ಸ್ಕೂಟರ್ ಓಡಿಸುವುದನ್ನೂ ಆರು ವಾರ ನಿಲ್ಲಿಸಿದೆ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಇಷ್ಟಲಿಂಗ ಪೂಜೆ. ಒದ್ದೆಯಾದ ಮೈಯಲ್ಲಿ ಹೇಗೆ ಕೂರುವುದೆಂದು ಹಿಂಜರಿಯುತ್ತಿದ್ದಾಗ, “ಮೈಗೆ ನೀರು ಹಾಕ್ಕೊಂಡು ಬಂದು ಕೂತ್ಕೊಳ್ರಿ, ಇದಕ್ಕೆಲ್ಲ ಪೂಜೆ ಬಿಡೋದಾ?” ಎಂದಳು ಹೆಂಡತಿ. ಅಂದಿನಿಂದ ಪೂಜೆ ತಪ್ಪಲಿಲ್ಲ. ಇದೇ ಸಂಕೋಚದಿಂದ ಮಠ, ಗುಡಿಗಳಿಂದ ದೂರವಾದವರು ಅನೇಕರಿರುವುದರಿಂದ ಈ ಮಾತನ್ನು ಬಿಡದೆ ಬರೆದಿದ್ದೇನೆ.

ಸೋರಿಕೆಗೆ ಹೆದರಿ ನೀರು ಕುಡಿಯುವುದನ್ನು ಕಡಿಮೆ ಮಾಡುವವರಿದ್ದಾರೆ. ಮೂತ್ರ ಗಾಢವಾದಷ್ಟೂ ಮೂತ್ರಕೋಶ ಕೆರಳುತ್ತದೆ. ನಮ್ಮ ಊರಿನ ಏಪ್ರಿಲ್ ಬಿಸಿಲಿನಲ್ಲಂತೂ ಅದು ಅಪಾಯ. ನಾನು ಹಗಲಿನಲ್ಲಿ ಸಾಕಷ್ಟು ಕುಡಿದು, ರಾತ್ರಿ ಊಟದ ನಂತರ ಮಾತ್ರ ಮಿತಿ ಹಾಕಿಕೊಂಡೆ. ಬಿಡಬೇಕಾದದ್ದು ಕಾಫಿ, ಚಹಾ ಮತ್ತು ಸಂಜೆಯ ಮಿರ್ಚಿ-ಮಂಡಕ್ಕಿ. ಇವನ್ನು ಬಿಟ್ಟ ವಾರಗಳಲ್ಲಿ ಆತುರದ ಮೂತ್ರ ಕಡಿಮೆಯಾದದ್ದು ನೋಟ್‌ಪುಸ್ತಕದಲ್ಲಿ ಸ್ಪಷ್ಟವಾಗಿ ಕಂಡಿತು. ಶೌಚಕ್ಕೆ ಕುಳಿತಾಗ ತಿಣುಕುವುದು ಒಳಗಿನ ಹೊಲಿಗೆಗೆ ಒಳ್ಳೆಯದಲ್ಲವಾದ್ದರಿಂದ ಮಲಬದ್ಧತೆಯಾಗದಂತೆ ಸೊಪ್ಪು, ಕಾಳು, ಹಣ್ಣು ತಿಂದೆ.

ಇನ್ನು ದಾಂಪತ್ಯದ ವಿಷಯ. ನಿಮಿರುವಿಕೆಗೆ ಬೇಕಾದ ನರಗಳು ಪ್ರಾಸ್ಟೇಟಿಗೆ ಅಂಟಿಕೊಂಡೇ ಸಾಗುತ್ತವೆ. ಅವನ್ನು ಉಳಿಸಿ ಗ್ರಂಥಿ ತೆಗೆಯುವ ವಿಧಾನವನ್ನು ಅಮೆರಿಕದ ಪ್ಯಾಟ್ರಿಕ್ ವಾಲ್ಷ್ 1982ರಲ್ಲಿ ಮೊದಲಿಗೆ ಮಾಡಿದರು. ಗೆಡ್ಡೆ ನರದ ಹತ್ತಿರವಿದ್ದರೆ ಉಳಿಸಲಾಗುವುದಿಲ್ಲ. ಉಳಿಸಿದರೂ ಅವು ಚೇತರಿಸಿಕೊಳ್ಳಲು ಒಂದೂವರೆ, ಎರಡು ವರ್ಷ ಹಿಡಿಯಬಹುದು. ವೀರ್ಯ ಇನ್ನು ಬರುವುದಿಲ್ಲ, ಆದರೆ ಸುಖದ ಅನುಭವ ಉಳಿಯಬಲ್ಲದು. ಇದನ್ನೆಲ್ಲ ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರ ಎದುರು ಹೆಂಡತಿಯನ್ನು ಕೂರಿಸಿಕೊಂಡು ಕೇಳಿದೆ, ಮತ್ತು ನನ್ನ ಪಾಲಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಆಗಲಿಲ್ಲ. ಆಮೇಲಿನ ತಿಂಗಳುಗಳಲ್ಲಿ ನಮ್ಮಿಬ್ಬರ ನಡುವೆ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಸಿಲ್ಡೆನಾಫಿಲ್, ಟಡಾಲಾಫಿಲ್ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ಅಂಗಡಿಯಿಂದ ತರಬಾರದು. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಅವನ್ನು ನುಂಗಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾದೀತು.

ಈಗ ಉಳಿದಿರುವುದು ಪ್ರಾಸ್ಟೇಟ್ ತಯಾರಿಸುವ ಪ್ರೋಟೀನೊಂದನ್ನು ಅಳೆಯುವ ಪಿಎಸ್‌ಎ ರಕ್ತಪರೀಕ್ಷೆ. ಗ್ರಂಥಿಯೇ ಇಲ್ಲದ ಮೇಲೆ, ಆರರಿಂದ ಎಂಟು ವಾರಗಳ ಹೊತ್ತಿಗೆ ಅದು ಪತ್ತೆಯಾಗದಷ್ಟು ಕೆಳಗಿಳಿಯಬೇಕು. ಮುಂದೆ ಎರಡು ಪರೀಕ್ಷೆಗಳಲ್ಲಿ ಮಿಲಿಲೀಟರಿಗೆ 0.2 ನ್ಯಾನೊಗ್ರಾಂ ಅಥವಾ ಅದಕ್ಕಿಂತ ಮೇಲೆ ಬಂದರೆ ರೋಗ ಮರುಕಳಿಸಿದೆಯೆಂದು ವೈದ್ಯರು ಎಣಿಸುತ್ತಾರೆ. ಆಗಲೂ ರೇಡಿಯೇಶನ್ ಚಿಕಿತ್ಸೆಯ ದಾರಿ ತೆರೆದಿರುತ್ತದೆ. ಅಳತೆಯಲ್ಲಿ ವ್ಯತ್ಯಾಸವಾಗದಿರಲೆಂದು ನಾನು ಯಾವಾಗಲೂ ಒಂದೇ ಲ್ಯಾಬಿನಲ್ಲಿ ರಕ್ತ ಕೊಟ್ಟು, ವರದಿಗಳನ್ನು ದಿನಾಂಕದ ಕ್ರಮದಲ್ಲಿ ಒಂದೇ ಫೈಲಿನಲ್ಲಿ ಇಟ್ಟಿದ್ದೇನೆ. ಪರೀಕ್ಷೆಯ ದಿನ ಹತ್ತಿರವಾದಂತೆ ಮನಸ್ಸು ಕಳವಳಗೊಳ್ಳುವುದು ಇನ್ನೂ ನಿಂತಿಲ್ಲ. ಪರೀಕ್ಷೆಯ ಹೊರತಾಗಿ ಗಮನಿಸಬೇಕಾದ ಎರಡು ಸಂಗತಿಗಳಿವೆ: ಮೂತ್ರದ ಧಾರೆ ದಿನದಿಂದ ದಿನಕ್ಕೆ ಸಣ್ಣದಾದರೆ ಹೊಲಿಗೆಯ ಜಾಗ ಕಿರಿದಾಗುತ್ತಿರಬಹುದು, ತೊಡೆಸಂದಿನಲ್ಲಿ ಉಬ್ಬು ಕಂಡರೆ ಹರ್ನಿಯಾ ಇರಬಹುದು. ಎರಡಕ್ಕೂ ಮುಂದಿನ ತಪಾಸಣೆಯ ತಾರೀಖಿಗೆ ಕಾಯದೆ ಯೂರಾಲಜಿಸ್ಟ್ ಅವರನ್ನು ಕಾಣಬೇಕು.